ಅಪ್‌ಡೇಟ್: ದಾವಣಗೆರೆ ಡಿಎಲ್ ಜರ್ಮನಿಯಲ್ಲಿ ಬದಲಾಯಿಸಿದ್ದು

ಹೋದ ವರ್ಷ ಕೇಳಿದ್ನಲ್ಲ, ನಮ್ ದಾವಣಗೆರೆಯ ಕೆಎ-17 ಡಿಎಲ್ ಕೊಟ್ರೆ ಜರ್ಮನಿಯಲ್ಲಿ ಸೀದಾ ಅಲ್ಲಿನ ಲೈಸೆನ್ಸ್ ಕಾರ್ಡ್ ಕೊಡ್ತಾರಾ ಅಂತ. ಕೊಡಲ್ಲ. ಜಪಾನ್, ಸೌತ್ ಕೊರಿಯಾದವ್ರಿಗೆ ಟೆಸ್ಟ್ ಇಲ್ದೇ ಆಗತ್ತೆ, ಇಂಡಿಯಾ ಆ ಲಿಸ್ಟಲ್ಲಿಲ್ಲ. ನಮ್ ಡಿಎಲ್ ಅಲ್ಲಿ ಮನೆ ಮಾಡಿದ ಮೇಲೆ 6 ತಿಂಗಳು ನಡೆಯತ್ತೆ ಅಷ್ಟೇ, ಆಮೇಲೆ ಥಿಯರಿ, ಪ್ರಾಕ್ಟಿಕಲ್ ಎರಡೂ ಟೆಸ್ಟ್ ಪಾಸಾಗ್ಬೇಕು, ಕ್ಲಾಸಿಗೆ ಇಷ್ಟು ಗಂಟೆ ಹೋಗ್ಲೇಬೇಕು ಅಂತಿಲ್ಲ ಅನ್ನೋದೊಂದೇ ರಿಯಾಯ್ತಿ. ಕಣ್ಣಿನ ಟೆಸ್ಟು, ಫಸ್ಟ್ ಏಡ್ ಕೋರ್ಸು, ಡಿಎಲ್ ಟ್ರಾನ್ಸ್‌ಲೇಷನ್ನು ಬೇರೆ.

ಥಿಯರಿ ಇಂಗ್ಲಿಷಲ್ಲಿ ಬರೆದೆ, 30 ಪ್ರಶ್ನೆ, ಪಾಸಾಯ್ತು. ಪ್ರಾಕ್ಟಿಕಲ್ ಮಾತ್ರ ಮೊದಲ್ನೇ ಸಲ ಡುಮ್ಕಿ! ಬೋರ್ಡಿಲ್ಲದ ಸಣ್ಣ ಕ್ರಾಸಲ್ಲಿ ಬಲಗಡೆಯಿಂದ ಬರೋ ಗಾಡಿಗೆ ದಾರಿ ಬಿಡ್ಬೇಕು, ನಾನು ದಾವಣಗೆರೆ ಪಿಬಿ ರೋಡಲ್ಲಿ ಕಲ್ತೋನು, ಹಾರ್ನ್ ಹೊಡ್ದು ನುಗ್ಗೋದೇ ಅಭ್ಯಾಸ, ಪಕ್ಕದಲ್ಲಿದ್ದ ಮೇಷ್ಟ್ರು ಟಕ್ ಅಂತ ಬ್ರೇಕ್ ಒತ್ತಿದ್ರು, ಅಲ್ಲಿಗೆ ಕಥೆ ಮುಗೀತು. ಆಮೇಲೆ ಐದಾರು ಕ್ಲಾಸ್ ತಗೊಂಡೆ. ತಿರುಗೋಕೆ ಮುಂಚೆ ಕನ್ನಡಿ ಸಾಲ್ದು, ಕತ್ತು ತಿರುಗ್ಸಿ ಹೆಗಲ ಮೇಲಿಂದ ನೋಡ್ಬೇಕು, ಅದನ್ನೇ ನೂರು ಸಲ ಹೇಳಿದ್ರು. ಎರಡನೇ ಸಲ ಆಯ್ತು. ಕಾರ್ಡ್ ಕೊಡೋವಾಗ ಹಳೇ ಡಿಎಲ್ ಅವರೇ ಇಟ್ಕೊಂಡ್ರು, ಸ್ವಲ್ಪ ಹೊಟ್ಟೆ ಉರೀತು.

ಈಗ ರಜಕ್ಕೆ ಊರಿಗೆ ಬಂದಿದೀನಿ. ನಿನ್ನೆ ಮಂಡಕ್ಕಿ-ಮಿರ್ಚಿ ತರೋಣ ಅಂತ ಹೊರಟು, ಜರ್ಮನಿ ಅಭ್ಯಾಸದಲ್ಲಿ ಕಾರಿನ ಎಡಗಡೆ ಬಾಗ್ಲು ತೆಗ್ದು ಕೂತು ಬೆಲ್ಟೂ ಹಾಕ್ಕೊಂಡೆ, ಮುಂದೆ ಸ್ಟೇರಿಂಗೇ ಇಲ್ಲ. ಅಪ್ಪಾಜಿ ಹೊರಗೆ ನಿಂತು, "ಯಾಕೋ, ಡ್ರೈವರ್ ಬರ್ಬೇಕೇನು?" ಅಂದ್ರು.