ಆರ್‌ಪಿಜಿ ಕತೆಯಲ್ಲಿ ಅಸ್ತಿತ್ವವಾದ: ಧರ್ಮದ ಮೀಟರ್ ಕಿತ್ತರೆ ಸಾಕೇ?

ಕೊನೆಯ_ಗಾಡಿ

(ಎಚ್ಚರಿಕೆ: ಉತ್ತರಗಳಲ್ಲಿ ಪ್ಲೇನ್‌ಸ್ಕೇಪ್: ಟಾರ್ಮೆಂಟ್, ಡಿಸ್ಕೋ ಎಲಿಸಿಯಂ, ನಿಯರ್: ಆಟೋಮೆಟಾ, ಅಂಡರ್‌ಟೇಲ್ ಆಟಗಳ ಗುಟ್ಟು ಬಯಲಾಗಬಹುದು.)

ಆಟದ ಚೌಕಟ್ಟು ಇಷ್ಟು. ಎರಡೂವರೆ ಗಂಟೆಯ ಸಣ್ಣ ಆರ್‌ಪಿಜಿ (ಪಾತ್ರ ವಹಿಸಿ ಆಡುವ ಕಂಪ್ಯೂಟರ್ ಆಟ), ಪೂರ್ತಿ ಕನ್ನಡದಲ್ಲಿ. ಹೊಡೆದಾಟ ಇಲ್ಲ, ಮಾತುಕತೆ, ಎರಡು ದಾಳ, ಅಷ್ಟೇ. ಸಂಭಾಷಣೆ ಬರೆಯುವುದು ಇಂಕ್ ಎಂಬ ಕತೆ ಬರೆಯುವ ಭಾಷೆಯಲ್ಲಿ, ಆಟ ಓಡಿಸುವ ಎಂಜಿನ್ ಗೊಡೋ. ಮುಚ್ಚಲು ಆದೇಶ ಬಂದಿರುವ ಒಂದು ರೈಲ್ವೆ ನಿಲ್ದಾಣ, ಅದರ ಕೊನೆಯ ಮೂರು ದಿನ. ಸ್ಟೇಷನ್ ಮಾಸ್ಟರ್ ಹಿಂದಿನದೆಲ್ಲ ಮರೆತು ಎಚ್ಚರಗೊಳ್ಳುತ್ತಾನೆ. ಐದು ಪಾತ್ರಗಳು, ಆರು ದೊಡ್ಡ ನಿರ್ಧಾರಗಳು.

ಈಗ ಒಳ್ಳೆಯ ಆಯ್ಕೆಗೆ ಏರಿ ಕೆಟ್ಟದ್ದಕ್ಕೆ ಇಳಿಯುತ್ತ −10ರಿಂದ +10ರವರೆಗೆ ಓಡುವ ಧರ್ಮದ ಮೀಟರ್ ಒಂದಿದೆ. ಪರೀಕ್ಷೆಗೆಂದು ಆಡಿದವರೆಲ್ಲ ಮಾಡಿದ್ದು ಒಂದೇ: ಆಯ್ಕೆ ಒತ್ತುವುದು, ಮೀಟರ್ ಇಳಿದರೆ ಹಳೆ ಸೇವ್ ಲೋಡ್ ಮಾಡಿ ಇನ್ನೊಂದನ್ನು ಒತ್ತುವುದು. ಅಸ್ತಿತ್ವವಾದಿ ತತ್ವಜ್ಞಾನಿ ಸಾರ್ತ್ರ್ ಹೇಳುವ ಸ್ವಾತಂತ್ರ್ಯದ ಭಾರ, ಅಂದರೆ ಆರಿಸಿದ್ದರ ಹೊಣೆ ಪೂರ್ತಿ ತನ್ನದೇ ಎಂಬುದು, ಯಾರ ಹೆಗಲಿಗೂ ತಾಗುತ್ತಿಲ್ಲ. ಮೀಟರ್ ತೆಗೆಯಬೇಕೋ, ಬಚ್ಚಿಟ್ಟರೆ ಸಾಕೋ? ರೀಲೋಡಿಗೆ ಏನು ಮದ್ದು? ಮತ್ತೆ, ನೆನಪು ಕಳೆದುಕೊಂಡ ನಾಯಕ ಎನ್ನುವುದು ಹಳಸಿದ ಸರಕಾಯಿತೇ?

ಎರಡು_ದಾಳ

ತೆಗೆಯಿರಿ. ಬಚ್ಚಿಟ್ಟರೆ ಸಾಲದು. ಬಚ್ಚಿಟ್ಟ ಮೀಟರ್ ಎರಡನೇ ದಿನಕ್ಕೇ ಯಾರಾದರೂ ಬರೆದ ವಿಕಿ ಪುಟದಲ್ಲಿ ಕಾಣಿಸುತ್ತದೆ.

ಮೀಟರ್ ಇದೆ ಎಂದರೆ ಒಳ್ಳೆಯದು ಯಾವುದು ಎಂದು ಬರೆದವರು ಮೊದಲೇ ತೀರ್ಮಾನಿಸಿ ಬೀಗ ಹಾಕಿದ್ದಾರೆ ಎಂದರ್ಥ. ಆಡುವವರಿಗೆ ಉಳಿಯುವುದು ಸರಿಯುತ್ತರ ಹುಡುಕುವ ಕೆಲಸ. ಅಸ್ತಿತ್ವವಾದ ಶುರುವಾಗುವುದೇ ಸರಿಯುತ್ತರದ ಪುಸ್ತಕ ಇಲ್ಲ ಎನ್ನುವಲ್ಲಿಂದ. ಅದು ಸಾಲದೆಂಬಂತೆ ಮೀಟರ್ ಇನ್ನೊಂದು ಕೆಡುಕು ಮಾಡುತ್ತದೆ. ಮಾಸ್ ಎಫೆಕ್ಟ್ 2ರಲ್ಲಿ (2010) ಪ್ಯಾರಗಾನ್ (ಸಜ್ಜನ) ಅಥವಾ ರೆನೆಗೇಡ್ (ಒರಟ) ಅಂಕ ಸಾಕಷ್ಟು ಸೇರಿದರೆ ಮಾತ್ರ ಕೆಲವು ನೀಲಿ, ಕೆಂಪು ಮಾತುಗಳು ತೆರೆದುಕೊಳ್ಳುತ್ತವೆ. ಹಾಗಾಗಿ ಮೊದಲ ಗಂಟೆಯಲ್ಲಿ ಬಣ್ಣ ಆರಿಸಿಕೊಂಡವರು ಆಮೇಲೆ ಯೋಚಿಸುವುದನ್ನೇ ಬಿಡುತ್ತಾರೆ. ಆಯ್ಕೆ ನಲವತ್ತು ಇದ್ದರೂ ನಿರ್ಧಾರ ಒಂದೇ.

ನಿರ್ಧಾರ ಕಟ್ಟುವುದಕ್ಕೆ ಸಾರ್ತ್ರ್‌ನ 1945ರ ಪ್ಯಾರಿಸ್ ಉಪನ್ಯಾಸದಲ್ಲೇ ಒಂದು ಅಚ್ಚು ಸಿಗುತ್ತದೆ. ಯುದ್ಧಕಾಲದ ಒಬ್ಬ ವಿದ್ಯಾರ್ಥಿ: ತನ್ನನ್ನೇ ನೆಚ್ಚಿಕೊಂಡ ತಾಯಿಯ ಜೊತೆ ಉಳಿಯಬೇಕೋ, ಇಂಗ್ಲೆಂಡಿಗೆ ಹೋಗಿ ಫ್ರೀ ಫ್ರೆಂಚ್ ಪಡೆ ಸೇರಬೇಕೋ? ಎರಡೂ ಒಳ್ಳೆಯವೇ, ಆದರೆ ಒಂದೇ ತಕ್ಕಡಿಯಲ್ಲಿ ತೂಗಲಾಗದವು. ಒಂದು ಹತ್ತಿರದ್ದು, ಖಚಿತವಾದದ್ದು, ಒಬ್ಬರಿಗೆ ಮಾತ್ರ ಸಲ್ಲುವುದು. ಇನ್ನೊಂದು ದೂರದ್ದು, ದೊಡ್ಡದು, ಫಲಿಸುತ್ತದೋ ಇಲ್ಲವೋ ಗೊತ್ತಿಲ್ಲದ್ದು. ನಿಮ್ಮ ಆರೂ ನಿರ್ಧಾರಗಳನ್ನು ಈ ಅಚ್ಚಿಗೆ ಹಿಡಿದು ನೋಡಿ. ‘ಗಾಯಗೊಂಡವನಿಗೆ ನೀರು ಕೊಡು / ಒದ್ದು ಕಳಿಸು’ ಅನ್ನುವಂಥದ್ದು ಇದ್ದರೆ ಅದು ನಿರ್ಧಾರವೇ ಅಲ್ಲ, ಹೊಡೆದುಹಾಕಿ. ಆರರಲ್ಲಿ ನಾಲ್ಕು ಉಳಿದರೂ ಎರಡೂವರೆ ಗಂಟೆಗೆ ಧಾರಾಳ.

ಮರೆವಿನ ನಾಯಕ ಹಳಸಿಲ್ಲ. ಹಳಸುವುದು ‘ನೀನು ನಿಜವಾಗಿ ಯಾರು ಗೊತ್ತಾ?’ ಎಂಬ ಕೊನೆಯ ಪೆಟ್ಟಿಗೆ. ಅದನ್ನು ತೆರೆದು ಒಳಗಿಂದ ಒಬ್ಬ ರಾಜಕುಮಾರನನ್ನೋ ಕೊಲೆಗಾರನನ್ನೋ ತೆಗೆದರೆ, ಇವನ ಸತ್ವ ಮೊದಲೇ ಇತ್ತು, ನಾವು ಮೂರು ದಿನ ಮಾಡಿದ್ದು ಬರೀ ಹುಡುಕಾಟ ಎಂದಾಗುತ್ತದೆ. ಪ್ಲೇನ್‌ಸ್ಕೇಪ್: ಟಾರ್ಮೆಂಟ್ (1999) ಇದನ್ನು ತಪ್ಪಿಸಿದ ರೀತಿ ನೋಡಿ. ಹೆಸರಿಲ್ಲದ ನಾಯಕ ಸಿಗಿಲ್ ನಗರದ ಶವಾಗಾರದಲ್ಲಿ ಏಳುತ್ತಾನೆ. ಹಿಂದಿನ ಜನ್ಮಗಳಲ್ಲಿ ಅವನು ಕ್ರೂರಿಯೂ ಹೌದು, ಹುಚ್ಚನೂ ಹೌದು, ಸಾಧುವೂ ಹೌದು. ಯಾವುದೂ ‘ನಿಜವಾದ’ ಅವನಲ್ಲ. ಆದರೆ ಅವರು ಮಾಡಿಟ್ಟ ಸಾಲ ಮಾತ್ರ ಇವನ ತಲೆಗೆ. ಗತಕಾಲ ಗುರುತಾಗಿ ಬರುವುದಿಲ್ಲ, ಹೊರೆಯಾಗಿ ಬರುತ್ತದೆ. ನಿಮ್ಮ ಮಾಸ್ಟರ್‌ನ ಮೇಜಿನ ಖಾನೆಯಲ್ಲೂ ಗುರುತಿನ ಚೀಟಿ ಇಡಬೇಡಿ. ಅವನು ಯಾರಿಗೋ ಕೊಟ್ಟು ನಡೆಸದ ಮಾತು ಇಡಿ.

ಚಾವಡಿ_ಕತ್ತಲು

ಮೇಲಿನದಕ್ಕೆ ಒಂದು ತಿದ್ದುಪಡಿ. ಪ್ಲೇನ್‌ಸ್ಕೇಪ್‌ನಲ್ಲೂ ಅಲೈನ್‌ಮೆಂಟ್ (ಪಾತ್ರದ ಒಳಿತು ಕೆಡುಕಿನ ಗುರುತು) ಇದೆ. ನಡುಮಧ್ಯದಿಂದ ಶುರುವಾಗಿ ನಡತೆಗೆ ತಕ್ಕಂತೆ ಸರಿಯುತ್ತದೆ, ಪಾತ್ರದ ಹಾಳೆಯಲ್ಲೂ ಕಾಣುತ್ತದೆ. ಮೀಟರ್ ಇದ್ದೂ ಅಲ್ಲಿ ಕತೆ ಏಕೆ ಕೆಡಲಿಲ್ಲ ಎಂದರೆ, ಒಂದೇ ಮಾತನ್ನು ಎರಡು ಸಲ ಬರೆದಿದ್ದಾರೆ: ಒಂದರ ಹಿಂದೆ ‘ಸತ್ಯ:’, ಇನ್ನೊಂದರ ಹಿಂದೆ ‘ಸುಳ್ಳು:’. ಎದುರಿಗಿರುವವನ ಕಿವಿಗೆ ಬೀಳುವ ಪದಗಳು ಒಂದೇ. ವ್ಯತ್ಯಾಸ ಇರುವುದು ಹೇಳುವವನ ಒಳಗೆ. ಮೀಟರ್ ಮಾಡಲಾಗದ ಕೆಲಸವನ್ನು ಒಂದು ಪದ, ಒಂದು ವಿವರಣ ಚಿಹ್ನೆ ಮಾಡಿವೆ.

ನಿಮ್ಮ ನಾಯಕ ಸಮವಸ್ತ್ರದವನು, ಹಾಗಾಗಿ ಈ ಉಪಾಯ ನಿಮಗೆ ಇನ್ನೂ ಚೆನ್ನಾಗಿ ಒಗ್ಗುತ್ತದೆ. ಸಾರ್ತ್ರ್ 1943ರ ‘ಬೀಯಿಂಗ್ ಅಂಡ್ ನಥಿಂಗ್‌ನೆಸ್’ನಲ್ಲಿ ಕೆಫೆಯ ಮಾಣಿಯ ಚಿತ್ರ ಕೊಡುತ್ತಾನೆ. ಆ ಮಾಣಿ ನಡೆಯುವುದು, ಬಾಗುವುದು, ತಟ್ಟೆ ಹಿಡಿಯುವುದು ಎಲ್ಲ ಒಂದು ಗುಲಗಂಜಿ ಜಾಸ್ತಿ. ತಾನು ಮಾಣಿಯಲ್ಲದೆ ಬೇರೇನೂ ಅಲ್ಲ ಎಂದು ತನಗೇ ನಂಬಿಸಿಕೊಳ್ಳುತ್ತಿದ್ದಾನೆ. ಇದೇ ಆತ್ಮವಂಚನೆ. ನಿಮ್ಮ ಆಟದಲ್ಲಿ ಅದು ‘ರೂಲ್ಸು ಹಾಗಿದೆ’ ಎಂಬ ಎರಡು ಪದ.

ಮಾಡುವ ಬಗೆ: ಪ್ರತಿ ನಿರ್ಧಾರಕ್ಕೂ ಮೂರು ಆಯ್ಕೆ ಬರೆಯಿರಿ. ಒಂದು, ‘ಗಾಡಿ ನಿಲ್ಲಿಸುತ್ತೇನೆ’. ಎರಡು, ‘ನಿಲ್ಲಿಸುವುದಿಲ್ಲ, ಇದು ನನ್ನ ತೀರ್ಮಾನ’. ಮೂರು, ‘ನಿಲ್ಲಿಸುವ ಹಾಗಿಲ್ಲ, ರೂಲ್ಸು’. ಎರಡನೆಯದು ಮತ್ತು ಮೂರನೆಯದರ ಪರಿಣಾಮ ಒಂದೇ ಇರಲಿ, ಗಾಡಿ ಹೋಗಲಿ. ಮೂರನೆಯದನ್ನು ಒತ್ತಿದಾಗಲೆಲ್ಲ ಒಂದು ಎಣಿಕೆ ಏರಲಿ. ಎಣಿಕೆ 3 ದಾಟಿದರೆ ಶಿಕ್ಷೆ ಕೊಡಬೇಡಿ, ಬಾಗಿಲು ಮುಚ್ಚಬೇಡಿ, ಕೆಟ್ಟ ಮುಕ್ತಾಯಕ್ಕೆ ತಳ್ಳಬೇಡಿ. ಕೊಟ್ಟರೆ ಮೀಟರ್ ಹಿತ್ತಲ ಬಾಗಿಲಿಂದ ವಾಪಸ್ ಬಂದಂತೆ. ಸುತ್ತಲಿನವರು ಅವನನ್ನು ಕರೆಯುವ ರೀತಿ ಮಾತ್ರ ಬದಲಾಗಲಿ. ಗುಡಿಸುವ ಅಜ್ಜಿ ಮೊದಲ ದಿನ ‘ಏನಪ್ಪಾ ಮಾಸ್ತರ, ಉಂಡ್ಯಾ?’ ಅಂದವಳು ಮೂರನೇ ದಿನ ‘ಊಟ ಆಯ್ತಾ ಸಾಹೇಬ್ರೇ?’ ಅನ್ನಲಿ. ನೀನು ಹೋಗಿ ನೀವು ಬಂದರೆ ಮರ್ಯಾದೆ ಹೆಚ್ಚಾಗಿ ಮನುಷ್ಯ ಕಮ್ಮಿಯಾಗಿದ್ದಾನೆ ಎಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಂಗ್ಲಿಷ್ ಆಟಗಳಿಗೆ ಈ ಸೌಕರ್ಯವೇ ಇಲ್ಲ.

ಇಲ್ಲಿ ಎಡವುವುದು ಎಲ್ಲಿ? ಮೂರನೇ ಆಯ್ಕೆ ಹೇಡಿಯ ಮಾತಿನಂತೆ ಕೇಳಿಸಿದರೆ ಯಾರೂ ಒತ್ತುವುದಿಲ್ಲ. ಅದು ಮೂರರಲ್ಲಿ ಅತ್ಯಂತ ಸಮಂಜಸವಾಗಿ, ಚಿಕ್ಕದಾಗಿ, ಸಭ್ಯವಾಗಿ ಕೇಳಬೇಕು. ಕ್ರಮವೂ ಬದಲಾಗುತ್ತಿರಲಿ. ಯಾವಾಗಲೂ ಕೊನೆಯಲ್ಲೇ ಇಟ್ಟರೆ ಮೂರನೇ ಸಲಕ್ಕೆ ಗುಟ್ಟು ಹಿಡಿಯುತ್ತಾರೆ.

ಎರಡು_ದಾಳ

ಕರೆಯುವ ರೀತಿಯ ಉಪಾಯಕ್ಕೆ ಶರಣು. ಈಗ ರೀಲೋಡ್.

ದಾಳದ ವಿಷಯದಲ್ಲಿ ಡಿಸ್ಕೋ ಎಲಿಸಿಯಂ (2019) ಮಾಡಿದ ವಿಭಾಗ ಹಾಗೇ ಎತ್ತಿಕೊಳ್ಳಬಹುದು. ಬಿಳಿ ಪರೀಕ್ಷೆ ಸೋತರೆ ಆ ಕೌಶಲಕ್ಕೆ ಒಂದು ಅಂಕ ಸೇರಿಸಿ ಮತ್ತೆ ಪ್ರಯತ್ನಿಸಬಹುದು. ಕೆಂಪು ಪರೀಕ್ಷೆ ಒಂದೇ ಸಲ. ಎರಡು ದಾಳದ ಮೊತ್ತಕ್ಕೆ ಕೌಶಲ ಕೂಡಿಸಿ ಕಷ್ಟದ ಅಂಕಿಗೆ ಹೋಲಿಸುತ್ತಾರೆ. ಎರಡು ಆರು ಬಿದ್ದರೆ ಯಾವಾಗಲೂ ಗೆಲುವು, ಎರಡು ಒಂದು ಬಿದ್ದರೆ ಯಾವಾಗಲೂ ಸೋಲು. ಲೆಕ್ಕ: ದಾಳದಲ್ಲಿ 8 ಬೇಕಿದ್ದರೆ 36ರಲ್ಲಿ 15, ಅಂದರೆ ಸುಮಾರು ಶೇ. 42. ಬೇಕಿರುವುದು 7 ಆದರೆ ಶೇ. 58, 6 ಆದರೆ ಶೇ. 72. ಅದೇ 10 ಬೇಕಿದ್ದರೆ ಶೇ. 17ಕ್ಕೆ ಕುಸಿಯುತ್ತದೆ. ನಿಮ್ಮ ಕೆಂಪು ಪರೀಕ್ಷೆಗಳನ್ನು 7–8ರ ಆಸುಪಾಸಿನಲ್ಲೇ ಇಡಿ. ಅಲ್ಲಿ ಒಂದು ಅಂಕದ ಬೆಲೆ ಅತಿ ಹೆಚ್ಚು, ಸೋಲು ಗೆಲುವು ಎರಡೂ ನಂಬುವಂತಿರುತ್ತವೆ.

ಇಷ್ಟಕ್ಕೆ ರೀಲೋಡ್ ನಿಲ್ಲುವುದಿಲ್ಲ. ಜನ ರೀಲೋಡ್ ಮಾಡುವುದು ಸೋಲಿನಲ್ಲಿ ಓದಲು ಏನೂ ಇಲ್ಲದಿರುವಾಗ. ಗೆಲುವಿಗೆ 150 ಪದ ಬರೆದರೆ ಸೋಲಿಗೆ 200 ಬರೆಯಿರಿ, ಸೋಲಿನಲ್ಲಿ ಮಾತ್ರ ಗೊತ್ತಾಗುವ ಒಂದು ಸಂಗತಿ ಇಡಿ. ‘ನೀನು ವಿಫಲನಾದೆ’ ಎಂಬ ವಾಕ್ಯ ಎಲ್ಲಿದ್ದರೂ ಅಳಿಸಿ.

ತಾಂತ್ರಿಕವಾಗಿ: ಇಂಕ್ ತನ್ನ ಸ್ಥಿತಿಯ ಜೊತೆಗೆ ಯಾದೃಚ್ಛಿಕ ಸಂಖ್ಯೆಯ ಬೀಜವನ್ನೂ (ದಾಳದ ಅಂಕಿಗಳು ಹುಟ್ಟುವ ಮೂಲ ಸಂಖ್ಯೆ) ಉಳಿಸುತ್ತದೆ. ಇಂಕ್‌ನದೇ ದಾಳ ಬಳಸಿದರೆ ರೀಲೋಡ್ ಮಾಡಿ ಅದೇ ಆಯ್ಕೆ ಒತ್ತಿದಾಗ ಅದೇ ಅಂಕಿ ಬೀಳುತ್ತದೆ. ಆದರೆ ನಡುವೆ ಇನ್ನೊಂದು ದಾಳ ಹಾಕಿ ಬಂದರೆ ಸರಣಿ ಮುಂದಕ್ಕೆ ಸರಿದು ಅಂಕಿ ಬದಲಾಗುತ್ತದೆ. ಇದನ್ನು ಮುಚ್ಚಲು ದಿನ ಶುರುವಾಗುವಾಗಲೇ ಆ ದಿನದ ಕೆಂಪು ದಾಳಗಳನ್ನೆಲ್ಲ ಉರುಳಿಸಿ ವೇರಿಯಬಲ್‌ಗಳಲ್ಲಿ ಇಟ್ಟುಬಿಡಿ. ದಾಳವನ್ನು ಗೊಡೋ ಕಡೆಯಿಂದ ಹಾಕುತ್ತಿದ್ದರೆ ಈ ಯಾವ ರಕ್ಷಣೆಯೂ ತಾನಾಗಿ ಸಿಗುವುದಿಲ್ಲ.

ಸೇವ್ ಒಂದೇ ಖಾನೆ ಇರಲಿ, ತಾನಾಗಿ ಆಗಲಿ. ಆಯ್ಕೆ ಒತ್ತಿದ ಕ್ಷಣ, ಫಲ ಪರದೆಗೆ ಬರುವ ಮುಂಚೆಯೇ ಬರೆದುಬಿಡಬೇಕು. ನೇರ ಹಳೆ ಫೈಲಿನ ಮೇಲೆ ಬರೆಯಬೇಡಿ. ತಾತ್ಕಾಲಿಕ ಫೈಲಿಗೆ ಬರೆದು, ಆಮೇಲೆ ಹೆಸರು ಬದಲಿಸಿ. ನಡುವೆ ಕರೆಂಟು ಹೋದರೆ ಇಲ್ಲವಾದಲ್ಲಿ ಆಟವೇ ಹೋಗುತ್ತದೆ. ಪ್ರತಿ ದಿನದ ಆರಂಭದ ಒಂದು ಪ್ರತಿಯನ್ನು ಪಕ್ಕಕ್ಕಿಡಿ. ಬಗ್ ಬಂದು ಸಿಕ್ಕಿಹಾಕಿಕೊಂಡವರಿಗೆ ಅಷ್ಟಾದರೂ ದಾರಿ ಬೇಕು.

ಕೊನೆಯ_ಗಾಡಿ

ಮೂರು ಆಯ್ಕೆಯ ಮಾತು ಒಪ್ಪಿಗೆ. ಕವಲುಗಳದ್ದೇ ಭಯ. ಆರು ನಿರ್ಧಾರ, ಎರಡೆರಡು ದಾರಿ ಎಂದರೂ 64 ದಾರಿ. ಇಷ್ಟು ಬರೆಯಲು ಆಗದು. ಎಲ್ಲ ಸೇರಿಸಿ ಒಂದೇ ಮುಕ್ತಾಯಕ್ಕೆ ತಂದರೆ ‘ಏನು ಮಾಡಿದರೂ ಅಷ್ಟೇ’ ಎಂಬ ದೂರು ಬರುತ್ತದೆ.

ಪಂಚರಂಗಿ_ಬೊಂಬೆ

ಒಂದೇ ಮುಕ್ತಾಯ ತಪ್ಪಲ್ಲ. ನಿಲ್ದಾಣ ಮುಚ್ಚಲೇಬೇಕು, ಮುಚ್ಚಲಿ. ಅದು ನಾಯಕನಿಗೆ ಸಿಕ್ಕ ಪರಿಸ್ಥಿತಿ, ಅವನ ಆಯ್ಕೆಯ ಭಾಗವಲ್ಲ. ದೂರು ಬರುವುದು ಮುಕ್ತಾಯ ಒಂದಾಗಿದ್ದಕ್ಕಲ್ಲ, ನಡುವೆ ಯಾರಿಗೂ ಏನೂ ನೆನಪಿಲ್ಲದ್ದಕ್ಕೆ. ಒಂದು ನಿರ್ಧಾರಕ್ಕೆ ಮೂರು ಸಲ ನೆನಪು: ಆಗಲೇ ಒಮ್ಮೆ, ಅದೇ ದಿನ ಇನ್ನೊಬ್ಬರ ಬಾಯಲ್ಲಿ ಒಮ್ಮೆ, ಕೊನೆಯ ದಿನ ಒಮ್ಮೆ. 6 ನಿರ್ಧಾರ × 3 ನೆನಪು × 3 ಆಯ್ಕೆ = 54 ತುಣುಕು. ತಲಾ 40 ಪದವೆಂದರೆ 2,160 ಪದ. ಒಂದು ವಾರದ ಕೆಲಸ. ಎರಡನೇ ನೆನಪು, ಇನ್ನೊಬ್ಬರ ಬಾಯಲ್ಲಿ ಬರುವುದು, ಮೂರರಲ್ಲಿ ಮುಖ್ಯ. ಡಿಸ್ಕೋದಲ್ಲಿ ನಾಯಕನ ಜೊತೆಗಾರ ಪತ್ತೇದಾರ ಕಿಮ್ ಕಿತ್ಸುರಾಗಿ ಪಕ್ಕದಲ್ಲಿ ನಿಂತು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನಲ್ಲ, ಬೈಯುವುದೂ ಅಪರೂಪ. ಅಷ್ಟಕ್ಕೇ ಆಟಗಾರರಿಗೆ ನಾಚಿಕೆಯಾಗುತ್ತದೆ. ಮೀಟರ್ ನೋಡಿ ಯಾರಿಗೂ ನಾಚಿಕೆಯಾದದ್ದಿಲ್ಲ.

ಇಂಕ್‌ನಲ್ಲಿ ಎಡವುವ ಜಾಗ ಒಂದಿದೆ. ನಕ್ಷತ್ರ ಚಿಹ್ನೆಯ ಆಯ್ಕೆ ಒಂದು ಸಲ ಒತ್ತಿದರೆ ಮಾಯ, ಪ್ಲಸ್ ಚಿಹ್ನೆಯದು ಉಳಿಯುತ್ತದೆ. ಐದು ಪಾತ್ರಗಳ ಸಂಭಾಷಣೆಗೆ ಮೂರು ದಿನವೂ ಮರಳಿ ಬರುತ್ತಾರಾದ್ದರಿಂದ ಎಲ್ಲವನ್ನೂ ನಕ್ಷತ್ರದಲ್ಲಿ ಬರೆದರೆ ಎರಡನೇ ದಿನ ಆಯ್ಕೆಗಳು ಖಾಲಿಯಾಗಿ ದೋಷ ಬರುತ್ತದೆ. ಹೊರಬರುವ ಮಾತನ್ನು ಪ್ಲಸ್‌ನಲ್ಲಿಡಿ. ದೊಡ್ಡ ನಿರ್ಧಾರಗಳನ್ನು ಮಾತ್ರ ನಕ್ಷತ್ರದಲ್ಲಿ.

ಇನ್ನು ತತ್ವಜ್ಞಾನಿಗಳ ಹೆಸರು ಉದುರಿಸುವ ಚಟ. ನಿಯರ್: ಆಟೋಮೆಟಾದಲ್ಲಿ (2017) ಪಾಸ್ಕಲ್, ಝಾಂ-ಪಾಲ್, ಸಿಮೋನ್, ಕೀರ್ಕೆಗಾರ್ಡ್, ಎಲ್ಲರ ಹೆಸರಿನ ಯಂತ್ರಗಳೂ ಇವೆ. ಝಾಂ-ಪಾಲ್ ಎಂಬ ಯಂತ್ರ ಬರೀ ತಮಾಷೆ: ಮೂವರು ಅಭಿಮಾನಿಗಳ ಉಡುಗೊರೆಗೆ ಕ್ಯಾರೇ ಅನ್ನದೆ ಗಂಭೀರವಾಗಿ ಏನೋ ಹೇಳುತ್ತಾನೆ. ಅಸ್ತಿತ್ವವಾದ ಇರುವುದು ಪಾಸ್ಕಲ್‌ನ ಕೊನೆಯಲ್ಲಿ. ತನ್ನ ಊರಿನ ಮಕ್ಕಳಿಗೆ ಭಯ ಎಂದರೇನು ಎಂದು ಕಲಿಸಿದವನೇ ಅವನು. ಆ ಭಯದಿಂದಲೇ ಅವರು ತಮ್ಮ ಜೀವ ತೆಗೆದುಕೊಳ್ಳುತ್ತಾರೆ. ಪಾಸ್ಕಲ್ ಕೇಳುತ್ತಾನೆ: ನನ್ನ ನೆನಪು ಅಳಿಸು, ಇಲ್ಲ ಕೊಂದುಬಿಡು. ಮೂರನೆಯ ದಾರಿಯೂ ಇದೆ, ಸುಮ್ಮನೆ ಬೆನ್ನು ತಿರುಗಿಸಿ ನಡೆಯುವುದು. ಅಂಕ ಇಲ್ಲ, ಬಣ್ಣ ಇಲ್ಲ. ನೆನಪು ಅಳಿಸಿದವರು ಆಮೇಲೆ ಊರಿಗೆ ಹೋದರೆ ಅವನು ಆ ಮಕ್ಕಳ ಬಿಡಿಭಾಗಗಳನ್ನೇ, ಏನೆಂದು ತಿಳಿಯದೆ, ಮಾರುತ್ತಾ ಕೂತಿರುತ್ತಾನೆ. ಕರುಣೆ ಎಂದು ಮಾಡಿದ್ದು ಅದು. ನಿಮ್ಮ ಮೂರನೇ ನೆನಪು ಈ ಜಾತಿಯದಾಗಿರಲಿ: ತೀರ್ಪು ಬೇಡ, ನೋಟ ಸಾಕು.

ಹಾಳೂರ_ಗ್ರಂಥಪಾಲ

ಫ್ರೆಂಚ್ ಲೇಖಕ ಕಾಮೂವನ್ನು ಇದಕ್ಕೆ ಎಳೆಯುವವರು ಇನ್ನೂ ಬಂದಿಲ್ಲ, ಸಮಾಧಾನ. ಬಂದರೆ ಒಂದು ಮಾತು: ತಾನು ಅಸ್ತಿತ್ವವಾದಿಯಲ್ಲ ಎಂದು ಆತನೇ ಹೇಳಿದ್ದ. ಅವನ ಅಸಂಗತಕ್ಕೆ (ಅರ್ಥ ಕೊಡದ ಜಗತ್ತಿನಲ್ಲಿ ಅರ್ಥ ಹುಡುಕುವ ಪಾಡಿಗೆ) ಬೇರೆ ಯಂತ್ರಾಂಗ ಬೇಕು. ಅದು ಆಯ್ಕೆಯಲ್ಲಿ ಕಾಣುವುದಕ್ಕಿಂತ ಪುನರಾವರ್ತನೆಯಲ್ಲಿ ಕಾಣುತ್ತದೆ: ದಿನಾ ಅದೇ ಗಂಟೆ ಬಾರಿಸುವುದು, ಬಾರದ ಗಾಡಿಗೂ ಹಸಿರು ಬಾವುಟ ಹಿಡಿಯುವುದು. ಮೂರು ದಿನದ ಆಟಕ್ಕೆ ಗಂಟೆ ಬಾರಿಸುವುದು ಆರು ಸಲ ಸಾಕು. ಹತ್ತಾದರೆ ಬೇಸರ ತತ್ವದಿಂದ ಬಂದದ್ದೋ ಆಟದಿಂದ ಬಂದದ್ದೋ ಗೊತ್ತಾಗುವುದಿಲ್ಲ. (ನಿಮ್ಮ ಎಂಜಿನ್ನಿನ ಹೆಸರೇ ಬೆಕೆಟ್‌ನ ‘ವೇಟಿಂಗ್ ಫಾರ್ ಗೊಡೋ’ ಎಂಬ ಅಸಂಗತ ನಾಟಕದಿಂದ ಬಂದದ್ದು, ಕಾಯುವ ನಿಲ್ದಾಣಕ್ಕೆ ಒಳ್ಳೇ ಜೋಡಿ.)

ರೀಲೋಡ್ ಬಗ್ಗೆ ಇನ್ನೊಂದು ದಾರಿ, ಅಂಡರ್‌ಟೇಲ್ (2015) ತೋರಿಸಿದ್ದು. ಟೋರಿಯಲ್‌ಳನ್ನು ಕೊಂದು, ಮರುಗಿ, ಹಿಂದಕ್ಕೆ ಹೋಗಿ ಉಳಿಸಿದರೆ, ಆಮೇಲೆ ಫ್ಲವಿ ಎಂಬ ಮಾತಾಡುವ ಹೂವು ಅದನ್ನೇ ಎತ್ತಿ ಆಡುತ್ತದೆ. ರೀಲೋಡ್ ತಡೆದಿಲ್ಲ, ಅದಕ್ಕೊಬ್ಬ ಸಾಕ್ಷಿ ಇಟ್ಟಿದ್ದಾರೆ. ಆದರೆ ನೀವು ನಕಲು ಮಾಡಬೇಡಿ. ಅದಕ್ಕೆ ಸೇವ್ ಫೈಲಿನ ಹೊರಗೆ ಇನ್ನೊಂದು ಫೈಲ್ ಬೇಕು, ಅದು ಕ್ಲೌಡ್ ಸೇವ್ ಜೊತೆ ಹೊಂದದೆ ಎರಡು ಕಂಪ್ಯೂಟರಿನಲ್ಲಿ ಎರಡು ನೆನಪಾಗುವ ಅಪಾಯ ಇದೆ. ಮೇಲಾಗಿ ಆ ಚಮತ್ಕಾರ ಈಗ ಎಲ್ಲರಿಗೂ ಗೊತ್ತು.

ಕೊನೆಯ_ಗಾಡಿ

ಹಾಗಾದರೆ ಕೊನೆಯ ದೃಶ್ಯ? ಈಗ ಅಲ್ಲಿ ಮೀಟರ್ ಅಂಕಕ್ಕೆ ತಕ್ಕಂತೆ ನಾಲ್ಕು ಸ್ಲೈಡ್ ಇವೆ.

ಚಾವಡಿ_ಕತ್ತಲು

ನಾಲ್ಕನ್ನೂ ಬಿಸಾಕಿ. ಸ್ಟೇಷನ್ ಮಾಸ್ಟರ್ ಕೊನೆಗೆ ಮಾಡುವ ಕೆಲಸ ಚಾರ್ಜ್ ವಹಿಸಿಕೊಡುವುದಲ್ಲವೇ? ಒಂದು ವಹಿವಾಟು ಪುಸ್ತಕ ತೆರೆಯಿರಿ. ಆರು ಸಾಲು, ಆರು ನಿರ್ಧಾರ, ಏನು ನಡೆಯಿತು ಎಂಬಷ್ಟೇ: ‘ಎರಡನೇ ದಿನ, ಗಾಡಿ ನಿಲ್ಲಲಿಲ್ಲ.’ ಪ್ರತಿ ಸಾಲಿನ ಮುಂದೆ ‘ಕಾರಣ’ ಎಂಬ ಖಾಲಿ ಜಾಗ, ಆಟಗಾರನೇ ತುಂಬಬೇಕು. ರ‍್ಯಾವೆಲ್ ಎಂಬ ಮಾಟಗಾತಿ ಪ್ಲೇನ್‌ಸ್ಕೇಪ್‌ನಲ್ಲಿ ಮನುಷ್ಯನ ಸ್ವಭಾವ ಬದಲಿಸಬಲ್ಲದ್ದು ಯಾವುದು ಎಂದು ಕೇಳಿದಾಗ ಉತ್ತರಗಳ ಉದ್ದ ಪಟ್ಟಿ ಬರುತ್ತದೆ. ಅವಳಿಗೆ ಬೇಕಿದ್ದುದು ಸರಿಯುತ್ತರವಲ್ಲ, ನಾಯಕನ ಉತ್ತರ. ನಿಮ್ಮ ಪಟ್ಟಿಯಲ್ಲಿ ನಾಲ್ಕೈದು ಕಾರಣ ಸಾಕು. ‘ರೂಲ್ಸು’ ಎಂಬುದೂ ಇರಲಿ, ಮೊದಲು ತನ್ನದೇ ತೀರ್ಮಾನ ಎಂದವನೂ ಈಗ ಅದನ್ನು ಬರೆಯಬಹುದು, ಅದರ ತಿರುಗಾಮುರುಗೂ ಆಗಬಹುದು. ಖಾಲಿ ಬಿಡುವುದಕ್ಕೂ ಅವಕಾಶ ಕೊಡಿ. ಸಹಿ ಮಾಡುವ ಗುಂಡಿ ಮಾತ್ರ ಒಂದೇ, ಅದರ ಮೇಲೆ ಹುದ್ದೆ ಬೇಡ. ಅವನ ಹೆಸರನ್ನು ಅಲ್ಲಿಯೇ ಆಟಗಾರನಿಂದ ಬರೆಸಿ.

ಎರಡು_ದಾಳ

ಹೆಸರಿನ ಪೆಟ್ಟಿಗೆಗೆ ಮೊದಲೇ ಏನನ್ನೂ ತುಂಬಿಸಿಡಬೇಡಿ, ಜನ ಎಂಟರ್ ಒತ್ತಿಬಿಡುತ್ತಾರೆ. ಕನ್ನಡ ಟೈಪಿಂಗ್‌ನಲ್ಲಿ ಒತ್ತಕ್ಷರ ಒಡೆಯದಂತೆ ಮೊದಲು ಪರೀಕ್ಷಿಸಿ. ಅಕ್ಷರ ಮಿತಿ ಹಾಕುವುದಾದರೆ ಕೋಡ್ ಬಿಂದುಗಳನ್ನಲ್ಲ (ಅಕ್ಷರವನ್ನು ಕಂಪ್ಯೂಟರ್ ಇಟ್ಟುಕೊಳ್ಳುವ ತುಣುಕುಗಳು), ಕಣ್ಣಿಗೆ ಕಾಣುವ ಅಕ್ಷರಗಳನ್ನು ಎಣಿಸಿ. ‘ಕೃಷ್ಣ’ ಕಣ್ಣಿಗೆ ಎರಡು ಅಕ್ಷರ, ಯೂನಿಕೋಡ್‌ಗೆ ಐದು.