ಸೋಮವಾರದಿಂದ ಗುಡಿ ತೆಗೀಬಹುದಂತೆ, ಆದರೆ ಯಾರನ್ನ ಕೇಳಿ ತೆಗೀಬೇಕು?

ಮಲ್ನಾಡ್ ಮಳೆ · ಜೂನ್ 6, 2020

ನಮ್ಮೂರ ಗಣಪತಿ ದೇವಸ್ಥಾನದ ಕಮಿಟಿಯಲ್ಲಿ ನಾನೂ ಒಬ್ಬ. ಮುಜರಾಯಿಗೆ ಸೇರಿದ ಗುಡಿ ಅಲ್ಲ, ಊರವರು ವಂತಿಗೆ ಹಾಕಿ ನಡೆಸೋದು. ಕೊರೊನಾ ಲಾಕ್‌ಡೌನ್ ಅಂತ ಮಾರ್ಚ್ ಕೊನೆಯಿಂದ ಭಟ್ಟರು ಒಬ್ಬರೇ ಹೋಗಿ ಪೂಜೆ ಮುಗಿಸಿ ಬೀಗ ಹಾಕಿ ಬರ್ತಿದ್ದಾರೆ. ಈಗ 8ನೇ ತಾರೀಕಿನಿಂದ ತೆಗೀಬಹುದು ಅಂತ ಕೇಂದ್ರ ಹೇಳಿದೆ, 4ಕ್ಕೆ ಆರೋಗ್ಯ ಸಚಿವಾಲಯದ ಎಸ್‌ಒಪಿನೂ (ಹೇಗೆ ತೆಗೀಬೇಕು ಅನ್ನೋ ಕ್ರಮಗಳ ಪಟ್ಟಿ) ಬಂತು. ಅದನ್ನ ಓದಿದ ಮೇಲೆ ಗೊಂದಲ ಇನ್ನೂ ಜಾಸ್ತಿ ಆಗಿದೆ.

ಮುಜರಾಯಿ ದೇವಸ್ಥಾನಗಳಿಗಾದರೆ ಇಲಾಖೆಯಿಂದ ಸುತ್ತೋಲೆ ಹೋಗುತ್ತೆ. ನಮಗೆ ಯಾರು ಕಳಿಸ್ತಾರೆ? ಒಂದು ಕಚೇರಿಯಲ್ಲಿ ಕೇಳಿದರೆ ಇನ್ನೊಂದನ್ನ ತೋರಿಸ್ತಾರೆ, ಅಲ್ಲಿ ಕೇಳಿದರೆ ಇನ್ನೂ ಆದೇಶ ಕೈಗೆ ಬಂದಿಲ್ಲ ಅಂತಾರೆ. ಸುಮ್ನೆ ತೆಗೆದುಬಿಟ್ಟು ನಾಳೆ ಯಾರೋ ವಿಡಿಯೋ ಮಾಡಿ ಹಾಕಿದರೆ ಕೇಸ್ ಬೀಳೋದು ಕಮಿಟಿ ಮೇಲೆ.

ಅದಕ್ಕಿಂತ ದೊಡ್ಡ ತಲೆನೋವು ಭಟ್ಟರದ್ದು. 65 ದಾಟಿದವರು, ಬೇರೆ ಕಾಯಿಲೆ ಇರೋರು, ಗರ್ಭಿಣಿಯರು, 10 ವರ್ಷದೊಳಗಿನ ಮಕ್ಕಳು ಮನೆಯಲ್ಲೇ ಇರಲಿ ಅಂತ ಎಸ್‌ಒಪಿಯಲ್ಲಿದೆ. ನಮ್ಮ ಭಟ್ಟರಿಗೇ 68! ಸಕ್ಕರೆ ಕಾಯಿಲೆ ಬೇರೆ. ಅವರನ್ನ ಮನೆಯಲ್ಲಿ ಕೂರಿಸಿದರೆ ಪೂಜೆ ಮಾಡೋರು ಯಾರು? ತೀರ್ಥ ಪ್ರಸಾದ ಕೊಡಬಾರದು, ಮೂರ್ತಿ ಮುಟ್ಟಬಾರದು, ಸರಿ ಒಪ್ಪಿದೆವು. ಮಂಗಳಾರತಿ ತಟ್ಟೆ ಏನು ಮಾಡೋದು? ಹಣ್ಣುಕಾಯಿ? ಗಂಟೆ? ಎಸಿ 24ರಿಂದ 30 ಡಿಗ್ರಿ ಒಳಗೆ ಇಡಿ ಅಂತ ಮಾತ್ರ ಬರೆದಿದ್ದಾರೆ, ನಮ್ಮ ಗುಡಿಯಲ್ಲಿ ಫ್ಯಾನೂ ಇಲ್ಲ.

ನಿಮ್ಮ ಕಡೆ ಏನು ಮಾಡ್ತಿದ್ದೀರಿ, ಗೊತ್ತಿದ್ದವರು ಹೇಳಿ.

ಹಳೇ ಫೈಲು · ಜೂನ್ 6

ಕಂದಾಯದಲ್ಲಿದ್ದು ನಿವೃತ್ತಿ ಆದವನು, ಆದೇಶ ಓದೋ ಚಟ ಇನ್ನೂ ಬಿಟ್ಟಿಲ್ಲ.

ನೀವು ಮುಜರಾಯಿ ಹೌದೋ ಅಲ್ಲವೋ ಅನ್ನೋದು ಇಲ್ಲಿ ಲೆಕ್ಕಕ್ಕೇ ಬರೋದಿಲ್ಲ. ಮೇ 30ರ ಗೃಹ ಸಚಿವಾಲಯದ ಆದೇಶ ಬಂದಿರೋದು 2005ರ ವಿಪತ್ತು ನಿರ್ವಹಣಾ ಕಾಯ್ದೆ ಕೆಳಗೆ. ಗುಡಿ, ಮಸೀದಿ, ಚರ್ಚು, ಖಾಸಗಿ, ಸರ್ಕಾರಿ, ಎಲ್ಲಕ್ಕೂ ಅದೇ. ರಾಜ್ಯ ಅದನ್ನ ಬಿಗಿ ಮಾಡಬಹುದು, ಸಡಿಲ ಮಾಡೋ ಹಾಗಿಲ್ಲ. ನೆನಪಿದೆಯಲ್ಲ, ನಮ್ಮ ಸರ್ಕಾರ ಜೂನ್ 1ಕ್ಕೇ ದೇವಸ್ಥಾನ ತೆಗೀತೀವಿ ಅಂತ ಮೊದಲು ಹೇಳಿತ್ತು. ಕೇಂದ್ರ 8 ಅಂದಮೇಲೆ ಇವರದ್ದೂ 8 ಆಯ್ತು.

ಹಾಗಾಗಿ ಪ್ರತ್ಯೇಕ ಅನುಮತಿ ಪತ್ರಕ್ಕೆ ಕಾಯಬೇಡಿ, ಅಂಥದ್ದು ಯಾರೂ ಕೊಡಲ್ಲ. ನಿಮ್ಮೂರು ಕಂಟೈನ್‌ಮೆಂಟ್ ಜೋನ್ (ಸೋಂಕು ಇದೆ ಅಂತ ಸೀಲ್ ಮಾಡಿದ ಜಾಗ) ಅಲ್ಲ ಅನ್ನೋದನ್ನ ಖಾತ್ರಿ ಮಾಡಿಕೊಳ್ಳಿ, ಆಗಿದ್ದರೆ ಮಾತೇ ಇಲ್ಲ, ಬೀಗ. ಅಲ್ಲದಿದ್ದರೆ ಕಮಿಟಿ ಲೆಟರ್‌ಹೆಡ್ಡಿನಲ್ಲಿ ಒಂದು ಪುಟ ಬರೆಯಿರಿ: ಇಂಥ ದಿನದಿಂದ, ಇಷ್ಟು ಹೊತ್ತು, ಇಂಥ ವ್ಯವಸ್ಥೆಯಲ್ಲಿ ತೆಗೀತಿದ್ದೇವೆ, ತಮ್ಮ ಆಕ್ಷೇಪ ಇದ್ದರೆ ತಿಳಿಸಿ. ತಹಶೀಲ್ದಾರರಿಗೆ ಒಂದು, ಠಾಣೆಗೊಂದು, ಪಿಡಿಒಗೊಂದು. ಮೂರಕ್ಕೂ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. 'ತೆಗೀಬಹುದಾ ಸಾರ್' ಅಂತ ಕೇಳಿದರೆ ಯಾವ ಅಧಿಕಾರಿಯೂ ಹೂಂ ಅನ್ನಲ್ಲ, ಹೂಂ ಅಂದರೆ ಹೊಣೆ ಅವನ ಮೇಲೆ ಬರುತ್ತೆ. ಮಾಹಿತಿ ಕೊಟ್ಟರೆ ತೊಗೊಳ್ತಾನೆ.

ಥರ್ಮಲ್ ಸ್ಕ್ರೀನಿಂಗ್ ಬಾಗಿಲಲ್ಲಿ ಇರಲೇಬೇಕು ಅಂತಿದೆ. ಸಣ್ಣ ಗುಡಿಗೆ ಜ್ವರ ನೋಡೋ ಆ ಗನ್ ತರೋದು ಕಷ್ಟ. ಪಂಚಾಯಿತಿ ಕಾರ್ಯಪಡೆ ಹತ್ತಿರ ಇರುತ್ತೆ, ಅದೇ ಪತ್ರದಲ್ಲಿ ದಿನಕ್ಕೊಂದು ಗಂಟೆ ಕೊಡಿ ಅಂತ ಕೇಳಿ ನೋಡಿ.

ತಟ್ಟೆಕಾಸು · ಜೂನ್ 6

ನಾನು ಮುಜರಾಯಿಯ ಸಿ ದರ್ಜೆ (ಕಡಿಮೆ ಆದಾಯದ) ದೇವಸ್ಥಾನದ ಅರ್ಚಕ. ಸುತ್ತೋಲೆ ನಮಗೆ ಬರುತ್ತೆ ಅಂತ ಹೊಟ್ಟೆಕಿಚ್ಚು ಪಡಬೇಡಿ, ಸುತ್ತೋಲೆಯಿಂದ ಅನ್ನ ಬೇಯಲ್ಲ. ಸರ್ಕಾರ ಪೂಜೆಗೆ ಅಂತ ಕೊಡೋ ತಸ್ತೀಕು ವರ್ಷಕ್ಕೆ 48 ಸಾವಿರ, ಅದರಲ್ಲೇ ಎಣ್ಣೆ ಬತ್ತಿ ನೈವೇದ್ಯ ಎಲ್ಲ ಆಗಬೇಕು. ಮನೆ ನಡೀತಿದ್ದದ್ದು ತಟ್ಟೆಗೆ ಬೀಳೋ ಕಾಸಿನಿಂದ, ಅದು ಮಾರ್ಚ್‌ನಿಂದ ಸೊನ್ನೆ. ದೊಡ್ಡ ದೇವಸ್ಥಾನಗಳಿಗೆ ಆನ್‌ಲೈನ್ ಸೇವೆ ಮಾಡ್ತಾರಂತೆ. ನಮ್ಮ ಗುಡಿಗೆ ಯಾರು ಆನ್‌ಲೈನ್ ಬರ್ತಾರೆ ಹೇಳಿ.

ಭಟ್ಟರ ವಿಷಯ. ಎಸ್‌ಒಪಿಯಲ್ಲಿರೋದು ಸಲಹೆ, ನಿಷೇಧ ಅಲ್ಲ. ಆದರೆ ಸಕ್ಕರೆ ಕಾಯಿಲೆಯ 68ರ ಮನುಷ್ಯನನ್ನ ಸಲಹೆ ಅಷ್ಟೇ ಅಲ್ವಾ ಅಂತ ಜನರ ಮುಂದೆ ನಿಲ್ಲಿಸೋದೂ ತಪ್ಪು. ಪೂಜೆ ಬೇರೆ, ದರ್ಶನ ಬೇರೆ ಮಾಡಿಬಿಡಿ. ಬೆಳಿಗ್ಗೆ 6ರಿಂದ 7 ಭಟ್ಟರು ಒಳಗೆ, ಬಾಗಿಲು ಹಾಕಿ ಅಭಿಷೇಕ, ನೈವೇದ್ಯ, ಮಂಗಳಾರತಿ ಮುಗಿಸಲಿ. ಅವರು ಮನೆಗೆ ಹೋದ ಮೇಲೆ ಗರ್ಭಗುಡಿಯ ಜಾಲರಿ ಬಾಗಿಲು ಹಾಕಿ, ದೀಪ ಉರೀತಾ ಇರಲಿ, ಆಮೇಲೆ ಜನರನ್ನ ಬಿಡಿ. ಕಮಿಟಿಯ ಇಬ್ಬರು ಹುಡುಗರು ನಿಂತರೆ ಸಾಕು. ಜನ ಮೊದಲು ಗೊಣಗ್ತಾರೆ, ಭಟ್ಟರ ಕೈಯಿಂದ ಹೂ ಸಿಗಲಿಲ್ಲ ಅಂತ. ಗೊಣಗಲಿ ಬಿಡಿ.

ಗಂಟೆಯ ನಾಲಿಗೆಗೆ ಬಟ್ಟೆ ಸುತ್ತಿ ಹಗ್ಗ ಮೇಲಕ್ಕೆ ಕಟ್ಟಿ. ಬೋರ್ಡು ಹಾಕಿದರೆ ಯಾರೂ ಓದಲ್ಲ, ಕೈ ತಾನಾಗಿ ಮೇಲೆ ಹೋಗುತ್ತೆ. ಹಣ್ಣುಕಾಯಿ ಬೇಡವೇ ಬೇಡ, ಒಬ್ಬರದ್ದು ತೊಗೊಂಡರೆ ಎಲ್ಲರದ್ದೂ ತೊಗೋಬೇಕಾಗುತ್ತೆ. ಬಾಗಿಲಲ್ಲಿ ಸೋಪು ನೀರು ಇಡಿ, ಕೈಕಾಲು ಸೋಪು ಹಾಕಿ ತೊಳೆದೇ ಒಳಗೆ ಬರಬೇಕು ಅಂತ ಎಸ್‌ಒಪಿಯಲ್ಲೇ ಇದೆ. ಸ್ಯಾನಿಟೈಸರ್‌ನಲ್ಲಿ ಆಲ್ಕೋಹಾಲ್ ಇದೆ, ಮೈಲಿಗೆ ಅನ್ನೋ ಹಿರಿಯರ ಬಾಯಿಗೂ ಅದೇ ಉತ್ತರ.

ಕಾಣಿಕೆ ತಟ್ಟೆ ಮಾತ್ರ ಎಲ್ಲಾದರೂ ಕಣ್ಣಿಗೆ ಬೀಳೋ ಹಾಗೆ ಇಡಿ ಮಾರಾಯ್ರೆ. ನಿಮ್ಮ ಭಟ್ಟರು ಬಾಯಿಬಿಟ್ಟು ಕೇಳಲ್ಲ.

ಮೊದಲ ಸಫ್ · ಜೂನ್ 7

ನಮ್ಮ ಮಸೀದಿ ಜಮಾತಿನಲ್ಲೂ ಇದೇ ಮಾತು ನಡೀತಿದೆ ಸಾರ್. ಕಾರ್ಪೆಟ್ ಸುತ್ತಿ ಎತ್ತಿಟ್ಟಾಯ್ತು, ಜಾನಮಾಜ್ (ನಮಾಜಿನ ಚಾಪೆ) ಪ್ರತಿಯೊಬ್ಬರೂ ಮನೆಯಿಂದ ತರಬೇಕು. ಹೌಜ್ (ನೀರಿನ ತೊಟ್ಟಿ) ಖಾಲಿ ಮಾಡಿದೆವು, ವಜೂ (ನಮಾಜಿಗೆ ಮೊದಲು ಕೈಕಾಲು ಮುಖ ತೊಳೆಯೋದು) ಮನೆಯಲ್ಲೇ. ಸುನ್ನತ್ ನಮಾಜು ಮನೆಯಲ್ಲಿ, ಇಲ್ಲಿ ಕಡ್ಡಾಯದ ಫರ್ಜ್ ಮಾತ್ರ, ಮುಗಿದ ಕೂಡಲೇ ಹೊರಡೋದು.

ಕಷ್ಟ ಇರೋದು ಎರಡು ಕಡೆ. ರಾತ್ರಿ 9ರಿಂದ ಬೆಳಿಗ್ಗೆ 5ರ ತನಕ ಓಡಾಟ ಇಲ್ಲ. ಇಷಾ (ರಾತ್ರಿ ನಮಾಜು) ಎಂಟೂಕಾಲಿಗೆ ಇಟ್ಟರೆ 9ರೊಳಗೆ ಮನೆ ಸೇರಬಹುದು, ಫಜರ್ (ಬೆಳಗಿನದ್ದು) 5 ಗಂಟೆ ಆದಮೇಲೇ ಇಡಬೇಕು, ಸೂರ್ಯ ಹುಟ್ಟೋದರೊಳಗೆ ಮುಗೀಬೇಕು. ಇದು ಹೇಗೋ ಹೊಂದುತ್ತೆ. ಶುಕ್ರವಾರ ಹೊಂದಲ್ಲ. ಹೆಗಲಿಗೆ ಹೆಗಲು ತಾಗಿಸಿ ನಿಲ್ಲೋ ಸಫ್‌ನಲ್ಲಿ (ಸಾಲಿನಲ್ಲಿ) ಆರಡಿ ಬಿಟ್ಟರೆ ಜನ ಕಾಲು ಭಾಗವೂ ಹಿಡಿಯಲ್ಲ. ಎರಡು ಮೂರು ಸಲ ಜುಮಾ (ಶುಕ್ರವಾರದ ನಮಾಜು) ಮಾಡಬಹುದಾ ಅಂತ ಆಲಿಮರನ್ನ (ಧರ್ಮ ಪಂಡಿತರನ್ನ) ಕೇಳ್ತಿದ್ದೇವೆ, ಅದಕ್ಕೆ ಡಿಸಿ ಉತ್ತರ ಕೊಡೋಕಾಗಲ್ಲ ನೋಡಿ. 12ಕ್ಕೆ ಮೊದಲ ಶುಕ್ರವಾರ.

ಇನ್ನೊಂದು ಮಾತು, ತಪ್ಪು ತಿಳೀಬೇಡಿ. ಮಾರ್ಚ್ ಆದಮೇಲೆ ಸೋಂಕು ಹರಡೋರು ಅಂತ ನಮ್ಮವರ ಮೇಲೆ ಎಂಥೆಂಥ ಮಾತು ಬಂತು ಅಂತ ಎಲ್ಲರಿಗೂ ಗೊತ್ತು. ನಿಮ್ಮ ಗುಡಿಯಲ್ಲಿ ನಾಲ್ಕು ಜನ ಜಾಸ್ತಿ ಸೇರಿದರೆ ಗುಂಪು ಅಂತಾರೆ, ನಮ್ಮಲ್ಲಿ ಸೇರಿದರೆ ಹೆಸರೇ ಬೇರೆ ಇಡ್ತಾರೆ. ಅದಕ್ಕೇ ನಮ್ಮ ಕಮಿಟಿಯ ಅರ್ಧ ಜನ ಇನ್ನೊಂದು ತಿಂಗಳು ತೆಗೆಯೋದೇ ಬೇಡ ಅಂತಿದ್ದಾರೆ.

ಬೇಡಪ್ಪ ಬೇಡ · ಜೂನ್ 7

ಆ ಅರ್ಧ ಜನರಿಗೆ ನನ್ನ ಓಟು. ಮಾರ್ಚ್‌ನಲ್ಲಿ ಕೈಬೆರಳೆಣಿಕೆ ಕೇಸ್ ಇದ್ದಾಗ ಮುಚ್ಚಿದೆವು, ಈಗ ದಿನಾ ನೂರರ ಲೆಕ್ಕದಲ್ಲಿ ಬರುವಾಗ ತೆಗೀತಿದ್ದೇವೆ. ಎಸ್‌ಒಪಿ ಬಂದಿದೆ ಅಂದರೆ ತೆಗೆಯಲೇಬೇಕು ಅಂತೇನಿಲ್ಲವಲ್ಲ! ಸರ್ಕಾರ ಕೊಟ್ಟಿರೋದು ಅವಕಾಶ, ಆಜ್ಞೆ ಅಲ್ಲ. ಸಾಲಾಗಿ ನಿಲ್ಲಿ ಅಂದರೆ ನಮ್ಮ ಜನ ಬಸ್‌ಸ್ಟ್ಯಾಂಡಿನಲ್ಲೇ ನಿಲ್ಲಲ್ಲ.

ಆಲ್ಟೋ · ಜೂನ್ 8

ಮಂಗಳೂರು ಕಡೆಯವಳು, ಇಗರ್ಜಿಯ (ಚರ್ಚಿನ) ಗಾಯನ ಮಂಡಳಿಯಲ್ಲಿ ಹಾಡ್ತೇನೆ. ಹಾಡ್ತಿದ್ದೆ. ರೆಕಾರ್ಡ್ ಮಾಡಿದ ಭಕ್ತಿಗೀತೆ ಹಾಕಬಹುದು, ಗುಂಪಾಗಿ ಹಾಡೋ ಹಾಗಿಲ್ಲ ಅಂತ ಎಸ್‌ಒಪಿ. ಮೊದಲು ಸಿಟ್ಟು ಬಂತು. ಆಮೇಲೆ ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಅನ್ನೋ ಕಡೆ ಆದದ್ದನ್ನ ಓದಿದೆ. ಮಾರ್ಚ್ 10ಕ್ಕೆ 61 ಜನ ಸೇರಿ ಎರಡೂವರೆ ಗಂಟೆ ಹಾಡಿನ ಅಭ್ಯಾಸ ಮಾಡಿದ್ದಾರೆ. 53 ಜನರಿಗೆ ಸೋಂಕು, ಅದರಲ್ಲಿ 20 ಸಂಭಾವ್ಯ ಅಂತ ಲೆಕ್ಕ, ಇಬ್ಬರು ತೀರಿಕೊಂಡರು. ನಿಮ್ಮಲ್ಲಿ ಸಂಜೆ ಭಜನೆ ಇದ್ದರೆ ಎಲ್ಲಕ್ಕಿಂತ ಮೊದಲು ಅದನ್ನ ನಿಲ್ಲಿಸಿ, ಗಂಟೆ ಆಮೇಲೆ ನೋಡಿಕೊಳ್ಳಿ.

ಒಂದೇ ಪೂಜೆಗೆ ಎಲ್ಲರೂ ಬರೋ ಬದಲು ವಾಳೆಗೊಂದು (ಚರ್ಚಿನ ವಾರ್ಡಿಗೊಂದು) ಹೊತ್ತು ಹಂಚಿಕೊಂಡರೆ ಹೇಗೆ ಅಂತ ನಮ್ಮಲ್ಲಿ ಯೋಚನೆ ಇದೆ. ಗುರ್ಕಾರರಿಗೆ (ವಾಳೆಯ ಮುಖಂಡರಿಗೆ) ಅವರವರ ವಾಳೆಯ ಮನೆಗಳು ಗೊತ್ತಿರುತ್ತಲ್ಲ, ಫೋನ್ ಮಾಡಿ ಹೇಳೋದು ಸುಲಭ. ನಿಮ್ಮೂರಲ್ಲೂ ಕೇರಿ ಲೆಕ್ಕದಲ್ಲಿ ವಾರ ಹಂಚಬಹುದಾ ನೋಡಿ.

ಬರ್ಮಿಂಗ್‌ಹ್ಯಾಮ್ ಭಾವ · ಜೂನ್ 8

ಇಲ್ಲಿ ಇಂಗ್ಲೆಂಡಿನಲ್ಲಿ ಮೇ ತಿಂಗಳಲ್ಲೇ ಎಲ್ಲ ಧರ್ಮದವರನ್ನೂ ಸೇರಿಸಿ ಒಂದು ಕಾರ್ಯಪಡೆ ಮಾಡಿದರು. ಅಷ್ಟಾದರೂ ನಿನ್ನೆ ಹೇಳಿದ್ದು ಜೂನ್ 15ರಿಂದ ಒಬ್ಬೊಬ್ಬರಾಗಿ ಪ್ರಾರ್ಥನೆ ಮಾಡಬಹುದು ಅಂತ ಮಾತ್ರ, ಸಾಮೂಹಿಕ ಇಲ್ಲ. ನಮಗೆ ಅದು ದರ್ಶನ, ಸರಿ ಹೋಗುತ್ತೆ. ಮಸೀದಿಯವರು ಜಮಾತೇ (ಸಾಮೂಹಿಕ ನಮಾಜೇ) ಇಲ್ಲದೆ ತೆಗೆದು ಏನು ಮಾಡೋದು ಅಂತ ಕೇಳ್ತಿದ್ದಾರೆ, ಅವರು ಕೇಳೋದರಲ್ಲಿ ನ್ಯಾಯ ಇದೆ.

ಮಲ್ನಾಡ್ ಮಳೆ · ಜೂನ್ 8

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ತೆಗೀಲಿಲ್ಲ. ಪತ್ರ ಮೂರೂ ಕಡೆ ಕೊಟ್ಟಿದ್ದೇವೆ, ಹಳೇ ಫೈಲು ಅವರು ಹೇಳಿದ ಹಾಗೇ ಮುದ್ರೆ ಬಿತ್ತು, ಯಾರೂ ಬೇಡ ಅನ್ನಲಿಲ್ಲ. ಭಟ್ಟರು ಬೇರೆ ಹೊತ್ತು ಮಾಡೋಕೆ ಒಪ್ಪಿದರು, ಆದರೆ ಜಾಲರಿ ಬಾಗಿಲು ನಮ್ಮಲ್ಲಿಲ್ಲ, ಮರದ್ದೇ ಬಾಗಿಲು. ಹಗ್ಗ ಕಟ್ಟಿದರೆ ಹಾರಿ ಒಳಗೆ ಹೋಗೋರು ಇದ್ದಾರೆ. ವೆಲ್ಡಿಂಗ್‌ನವನು ಗುರುವಾರ ಬರ್ತೀನಿ ಅಂದಿದ್ದಾನೆ. ಶನಿವಾರದಿಂದ ಬೆಳಿಗ್ಗೆ ಏಳೂವರೆಯಿಂದ ಒಂಬತ್ತು ದರ್ಶನ. ಭಜನೆ ಇಲ್ಲ, ಹಣ್ಣುಕಾಯಿ ಇಲ್ಲ.

@ತಟ್ಟೆಕಾಸು, ತಟ್ಟೆ ಹೊಸ್ತಿಲ ಹೊರಗೆ ಸ್ಟೂಲ್ ಮೇಲೆ ಇಡ್ತೇವೆ. ಪಕ್ಕದಲ್ಲಿ ಭಟ್ಟರ ಮಗನ ನಂಬರಿನ ಫೋನ್‌ಪೇ ಸ್ಕ್ಯಾನರೂ ಇರುತ್ತೆ.

ತಟ್ಟೆಕಾಸು · ಜೂನ್ 8

ಸ್ಕ್ಯಾನರ್‌ಗೆ ಲ್ಯಾಮಿನೇಷನ್ ಮಾಡಿಸಿ, ನಿಮ್ಮ ಕಡೆ ಮಳೆ ಶುರುವಾಗಿರಬೇಕಲ್ಲ.