ಪದಚರ್ಚೆ: ಬ್ರ್ಯಾಂಡ್ ವಿನ್ಯಾಸದಲ್ಲಿ ಲಾಂಛನ, ಚಹರೆ, ಅಂಕಿತನಾಮ

ಬ್ರ್ಯಾಂಡ್ ವಿನ್ಯಾಸ ನನ್ನ ವೃತ್ತಿ. ಗ್ರಾಹಕರಿಗೆ ಕೊಡುವ ವಿವರಣೆಗಳನ್ನು ಕನ್ನಡದಲ್ಲೇ ಬರೆಯಬೇಕೆಂಬ ಹಟವೂ ಇದೆ. ಆದರೆ ಲೋಗೊ, ಐಡೆಂಟಿಟಿ, ಟ್ರೇಡ್‌ಮಾರ್ಕ್, ಬ್ರ್ಯಾಂಡ್ ಈ ನಾಲ್ಕಕ್ಕೂ ಚಿಹ್ನೆ, ಮುದ್ರೆ, ಗುರುತು, ಲಾಂಛನ ಎಂಬ ಪದಗಳು ಅದಲುಬದಲಾಗಿ ಬಳಕೆಯಾಗುತ್ತವೆ. ಇದರಿಂದ ಕೆಲಸ ಕೆಡುತ್ತದೆ. ‘ಲಾಂಛನ ಬದಲಿಸಿಕೊಡಿ’ ಎಂದವರಿಗೆ ಬೇಕಿದ್ದದ್ದು ಪೊಟ್ಟಣದಿಂದ ಜಾಲತಾಣದವರೆಗೆ ಎಲ್ಲದರ ಹೊಸ ರೂಪ ಎಂದು ಗೊತ್ತಾಗುವಷ್ಟರಲ್ಲಿ ಒಪ್ಪಂದ ಮುಗಿದಿರುತ್ತದೆ. ಹಾಗಾಗಿ ಬಲ್ಲವರ ಅಭಿಪ್ರಾಯ ಬೇಕು.

ಲೋಗೊ ಎಂಬುದಕ್ಕೆ ‘ಲಾಂಛನ’ ಸರಿಯಾಗಿಯೇ ಇದೆ ಎನ್ನುವುದು ನನ್ನ ಅನಿಸಿಕೆ. ಜೈನ ತೀರ್ಥಂಕರರ ಮೂರ್ತಿಗಳು ನೋಡಲು ಹೆಚ್ಚುಕಡಿಮೆ ಒಂದೇ ಬಗೆ. ಅವರನ್ನು ಗುರುತಿಸುವುದು ಲಾಂಛನ ಎಂದೇ ಕರೆಯುವ ಚಿಹ್ನೆಯಿಂದ: ಪೀಠದ ಮೇಲೆ ವೃಷಭವಿದ್ದರೆ ಆದಿನಾಥ, ಸಿಂಹವಿದ್ದರೆ ಮಹಾವೀರ. ಒಂದನ್ನು ಇನ್ನೊಂದರಿಂದ ಬೇರ್ಪಡಿಸುವ ಈ ಕೆಲಸವನ್ನೇ ಲೋಗೊ ಕೂಡ ಮಾಡುತ್ತದೆ. ಹಿಂದಿಯಲ್ಲಿ ಇದೇ ಪದಕ್ಕೆ ಕಳಂಕ, ಅಪವಾದ ಎಂಬ ಅರ್ಥ ಬಂದಿದೆ. ಕನ್ನಡದಲ್ಲಿ ಆ ನೆರಳು ಬಿದ್ದಿಲ್ಲ, ಅದನ್ನು ತಂದುಕೊಳ್ಳುವ ಅಗತ್ಯವೂ ಇಲ್ಲ.

ಐಡೆಂಟಿಟಿಗೆ, ಅಂದರೆ ಬ್ರ್ಯಾಂಡಿನ ಒಟ್ಟು ರೂಪಕ್ಕೆ, ‘ಅಸ್ಮಿತೆ’ ಎಂದು ಬರೆಯುವವರಿದ್ದಾರೆ. ಸಾಬೂನಿನ ಹೊದಿಕೆಗೆ ಅದು ಭಾರವಾದ ಮಾತು. ನನಗೆ ಹಿಡಿಸಿದ್ದು ‘ಚಹರೆ’. ಕಾಣೆಯಾದವರ ಪ್ರಕಟಣೆಗಳಲ್ಲಿ ಚಹರೆ ಎಂದರೆ ಮುಖ ಮಾತ್ರವಲ್ಲ. ಮೈಬಣ್ಣ, ಎತ್ತರ, ತೊಟ್ಟ ಬಟ್ಟೆ, ಆಡುವ ಭಾಷೆ ಎಲ್ಲವೂ ಅದರಲ್ಲಿ ಸೇರುತ್ತವೆ. ನಾವು ರೂಪಿಸುವುದೂ ಅದನ್ನೇ: ಬಣ್ಣ, ಅಕ್ಷರಶೈಲಿ, ಅಳತೆ, ಮಾತಿನ ಧಾಟಿ. ಜರ್ಮನಿಯ ಎಇಜಿ ಎಂಬ ವಿದ್ಯುತ್ ಉಪಕರಣಗಳ ಕಂಪನಿಗೆ 1907ರಲ್ಲಿ ಕಲಾ ಸಲಹೆಗಾರರಾಗಿ ಸೇರಿದ ಪೀಟರ್ ಬೆರೆನ್ಸ್ ಲಾಂಛನದ ಜೊತೆಗೆ ದೀಪ, ಕೆಟಲ್, ಜಾಹೀರಾತು, ಕೊನೆಗೆ ಕಾರ್ಖಾನೆಯ ಕಟ್ಟಡವನ್ನೂ ವಿನ್ಯಾಸಗೊಳಿಸಿದರು. ಆ ಒಟ್ಟು ಕೆಲಸಕ್ಕೆ ‘ಚಹರೆ’ ಎಂದರೆ ಒಪ್ಪುತ್ತದೆ. ಬ್ರ್ಯಾಂಡ್ ಎಂಬುದನ್ನು ಹಾಗೆಯೇ ಇಟ್ಟುಕೊಳ್ಳೋಣ, ಎಲ್ಲರಿಗೂ ತಿಳಿದಿದೆ.

ನನ್ನ ಮುಖ್ಯ ಪ್ರಶ್ನೆ ಹೆಸರಿಡುವ ಕೆಲಸದ್ದು. ಶಾಲೆಯ ವ್ಯಾಕರಣದಲ್ಲಿ ಕಲಿತ ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂಬ ವಿಂಗಡಣೆ ಇಲ್ಲಿ ಅಚ್ಚರಿಯಾಗುವಷ್ಟು ಹೊಂದುತ್ತದೆ. ಸರಕಿನ ರೂಢನಾಮವನ್ನೇ ಯಾರೂ ತಮ್ಮ ಸ್ವತ್ತಾಗಿ ನೋಂದಾಯಿಸಿಕೊಳ್ಳಲಾಗದು. ಹಾಲು ಮಾರುವವರು ‘ಹಾಲು’ ಎಂಬ ಪದಕ್ಕೆ ಹಕ್ಕು ಕೇಳುವಂತಿಲ್ಲ. ಸರಕಿನ ಗುಣವನ್ನೋ ಕೆಲಸವನ್ನೋ ಹೇಳುವ ಅನ್ವರ್ಥನಾಮಕ್ಕೆ, ಬಹುಕಾಲದ ಬಳಕೆಯಿಂದ ಅದು ಒಬ್ಬ ತಯಾರಕರದೇ ಎಂದು ಜನ ಗುರುತಿಸುವಂತಾದ ಮೇಲಷ್ಟೇ ಸಾಮಾನ್ಯವಾಗಿ ಕಾನೂನಿನ ರಕ್ಷಣೆ ಸಿಗುತ್ತದೆ. ಗಟ್ಟಿಯಾಗಿ ನಿಲ್ಲುವುದು ಅಂಕಿತನಾಮ. ಜಾರ್ಜ್ ಈಸ್ಟ್‌ಮನ್ 1888ರಲ್ಲಿ ತಮ್ಮ ಕ್ಯಾಮೆರಾಗೆ ‘ಕೊಡಾಕ್’ ಎಂಬ ಹೆಸರನ್ನು ಬಳಕೆಗೆ ತಂದಾಗ ಅದಕ್ಕೆ ಯಾವ ಭಾಷೆಯಲ್ಲೂ ಅರ್ಥವಿರಲಿಲ್ಲ, ಅದೇ ಅದರ ಬಲ. ‘ಆ್ಯಪಲ್’ ಹಣ್ಣಿನ ಅಂಗಡಿಯಲ್ಲಿ ರೂಢನಾಮ, ಕಂಪ್ಯೂಟರಿನ ಮೇಲೆ ಅಂಕಿತನಾಮ. ಈ ಮೂರು ಪದಗಳನ್ನು ಗ್ರಾಹಕರ ಮುಂದಿಟ್ಟರೆ ಅರ್ಧ ವಾದ ಅಲ್ಲಿಗೇ ಮುಗಿಯುತ್ತದೆ ಎಂಬುದು ನನ್ನ ಅನುಭವ. ಎಲ್ಲರೂ ಶಾಲೆಯಲ್ಲಿ ಓದಿದವೇ ತಾನೇ.

ಆದರೆ ವೈಯಾಕರಣರು ಒಪ್ಪುವರೇ? ವ್ಯಾಕರಣದ ಅಂಕಿತನಾಮ ಒಬ್ಬ ವ್ಯಕ್ತಿಗೆ, ಒಂದು ನದಿಗೆ ಇಟ್ಟ ಹೆಸರು. ಬ್ರ್ಯಾಂಡ್ ಹೆಸರು ಲಕ್ಷಗಟ್ಟಲೆ ವಸ್ತುಗಳ ಮೇಲೆ ಅಚ್ಚಾಗುತ್ತದೆ. ಅದು ಬೆರಳು ತೋರಿಸುವುದು ವಸ್ತುವಿನತ್ತ ಅಲ್ಲ, ತಯಾರಕರತ್ತ. ಆದ್ದರಿಂದ ಅಂಕಿತನಾಮವೇ ಎಂದು ನಾನು ವಾದಿಸುತ್ತೇನೆ. ವಚನಗಳ ಅಂಕಿತವೂ ನೂರಾರು ವಚನಗಳಲ್ಲಿ ಬರುತ್ತದೆ, ಆದರೂ ಅದರಿಂದ ಗುರುತಾಗುವವರು ಒಬ್ಬರೇ ವಚನಕಾರರು. ಈ ಹೋಲಿಕೆ ನಿಲ್ಲುತ್ತದೆಯೇ?

ಇದಕ್ಕೆ ಅಂಟಿಕೊಂಡೇ ಇನ್ನೊಂದು ಪ್ರಶ್ನೆ. ಅಂಕಿತನಾಮ ಬಳಸಿ ಬಳಸಿ ರೂಢನಾಮವಾಗಿ ಬಿಡುವುದುಂಟು. ‘ಎಸ್ಕಲೇಟರ್’ ಎಂಬುದು ಓಟಿಸ್ ಕಂಪನಿಯ ಟ್ರೇಡ್‌ಮಾರ್ಕ್ ಆಗಿತ್ತು. ಅಮೆರಿಕದಲ್ಲಿ 1950ರಲ್ಲಿ ಆ ಹಕ್ಕು ಹೋಯಿತು. ಕನ್ನಡದಲ್ಲಿ ಈ ಜಾರುವಿಕೆ ಇನ್ನೂ ಸಲೀಸು, ಏಕೆಂದರೆ ‘ಮಾಡು’ ಸೇರಿಸಿದರೆ ಯಾವ ಹೆಸರೂ ಕ್ರಿಯೆಯಾಗುತ್ತದೆ: ಗೂಗಲ್ ಮಾಡು, ಜೆರಾಕ್ಸ್ ಮಾಡಿಸು. ಯಾವ ಯಂತ್ರದಿಂದ ತೆಗೆದ ನಕಲಾದರೂ ನಮಗೆ ಅದು ಜೆರಾಕ್ಸೇ. ಬ್ರ್ಯಾಂಡಿನ ಒಡೆಯರಿಗೆ ಇದು ದೊಡ್ಡ ಭಯ, ಅವರಿಗೆ ಎಚ್ಚರಿಕೆ ಹೇಳಲು ನನಗೊಂದು ಪದ ಬೇಕು. ‘ರೂಢೀಕರಣ’ ಎಂದು ಸದ್ಯಕ್ಕೆ ಬರೆಯುತ್ತಿದ್ದೇನೆ, ಆದರೆ ಅದು ಯಾರೋ ಬೇಕೆಂದೇ ಮಾಡಿದಂತೆ ಕೇಳಿಸುತ್ತದೆ. ಇದು ತಾನಾಗಿ ಆಗುವಂಥದ್ದು. ಕುತಂತ್ರಿಯನ್ನು ‘ಶಕುನಿ’ ಎಂದಾಗಲೂ ಅಂಕಿತನಾಮವೇ ಸಾಮಾನ್ಯ ಪದವಾಗಿರುತ್ತದೆ. ಅಂಥ ಬಳಕೆಗೆ ನಮ್ಮ ಹಳೆಯ ವ್ಯಾಕರಣ, ಅಲಂಕಾರ ಗ್ರಂಥಗಳಲ್ಲಿ ಪ್ರತ್ಯೇಕ ಹೆಸರಿದೆಯೇ? ಇದ್ದರೆ, ದಯವಿಟ್ಟು ಪ್ರಯೋಗದ ಸಮೇತ ತಿಳಿಸಿ.